ಕಿರ್ದಿ ಇಡದ ದೇವರು

2019ರ ಆಗಸ್ಟ್ ಮೊದಲ ವಾರದಲ್ಲಿ ಖಾನಾಪುರದ ಮೇಲ್ಗಡೆಯ ಕಾಡಿನಲ್ಲಿ ಹಗಲೂ ರಾತ್ರಿ ಮಳೆ ಹೊಡೆಯಿತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆ ನೀರನ್ನೆಲ್ಲ ಹೊತ್ತು ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟು ತುಂಬಿಸಿದಳು. ಅಲ್ಲಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗದ ಓಣಿಗಳಿಗೆ ನುಗ್ಗಿ, ಮುಂದೆ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನಿಂತಿತು. ರಾಮದುರ್ಗದ್ದು ವರ್ಷ ವರ್ಷ ಮಳೆಗಾಗಿ ಮುಗಿಲು ನೋಡುವ ಸೀಮೆ. ತಮ್ಮ ಹೊಲದ ಮೇಲೆ ಬೀಳದ ಮಳೆಗೆ ಅಲ್ಲಿಯವರು ಮನೆ ಕಳಕೊಂಡರು.

ಅಂಥ ಹೊತ್ತಿನಲ್ಲಿ ಬಾಯಿಗೆ ಮೊದಲು ಬರುವ ಮಾತು ಒಂದೇ: "ಯಾರ ಪಾಪಾನೋ ಏನೋ." ಗುಡಿಕಟ್ಟೆಯ ಮೇಲೂ ಅದೇ, ಬೆಳಗಾವಿ ಕ್ಯಾಂಪಿನ ಚರ್ಚ್ ಕಾಂಪೌಂಡಿನಲ್ಲೂ ಅದೇ. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವರನ್ನು ಕೇಳಿ. ಗೋವಾದಿಂದ, ಕೊಲ್ಹಾಪುರದಿಂದ, ಬಾಗಲಕೋಟೆಯಿಂದ ರೋಗಿಯನ್ನು ಕರೆತಂದವರು ಡಾಕ್ಟರು ರೋಗದ ಹೆಸರು ಹೇಳುವ ಮೊದಲೇ ತಮ್ಮೊಳಗೆ ಒಂದು ಲೆಕ್ಕ ಶುರುಮಾಡಿರುತ್ತಾರೆ. ಯಾವ ಹರಕೆ ತಪ್ಪಿತು? ಯಾರ ಮನಸ್ಸು ನೋಯಿಸಿದೆವು? ಪಾಪ ಮತ್ತು ಶಿಕ್ಷೆಯ ಈ ಕಿರ್ದಿ ಎಲ್ಲ ಧರ್ಮದವರ ಮನೆಯಲ್ಲೂ ಇದೆ. ಒಬ್ಬರ ಮನೆಯಲ್ಲಿ ಅದು ಹಿಂದಿನ ಜನ್ಮದ ಬಾಕಿ, ಇನ್ನೊಬ್ಬರ ಮನೆಯಲ್ಲಿ ದೇವರ ಪರೀಕ್ಷೆ. ಜಮಾ-ಖರ್ಚು ಮಾತ್ರ ಎರಡೂ ಕಡೆ ತಾಳೆಯಾಗಲೇಬೇಕು.

ಕ್ರೈಸ್ತ ನಂಬಿಕೆ ಬದುಕಿನ ಏರಿಳಿತಗಳನ್ನು ವಿಶಾಲವಾಗಿ ನೋಡಲು ಕಲಿಸುತ್ತದೆ ಎಂದು ನಮ್ಮಲ್ಲಿ ಪ್ರಸಂಗಗಳಲ್ಲಿ ಹೇಳುತ್ತಾರೆ. ಆ ಮಾತಿಗೆ ಸಾಮಾನ್ಯವಾಗಿ ಕೊಡುವ ಅರ್ಥ ನನಗೆ ಒಪ್ಪಿಗೆಯಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇದೆ, ನಿನ್ನ ನೋವು ಒಂದು ದೊಡ್ಡ ಯೋಜನೆಯ ಸಣ್ಣ ಭಾಗ, ಸುಮ್ಮನೆ ನಂಬು ಎನ್ನುವುದು ಆ ಅರ್ಥ. ಇದು ಕಿರ್ದಿಯನ್ನು ಮುಚ್ಚುವ ಮಾತಲ್ಲ. ಲೆಕ್ಕ ನಿನಗೆ ಕಾಣದಿದ್ದರೂ ಮೇಲೆ ಯಾರೋ ಸರಿಯಾಗಿ ಬರೆಯುತ್ತಿದ್ದಾರೆ ಎಂಬ ಭರವಸೆ, ಅಷ್ಟೇ. ಬೈಬಲನ್ನು ಸ್ವಲ್ಪ ಸಾವಧಾನದಿಂದ ಓದಿದರೆ ಅದು ಕಲಿಸುವುದು ಬೇರೆಯದನ್ನೇ ಅನಿಸುತ್ತದೆ.

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಒಂದು ಅಪಘಾತದ ಸುದ್ದಿ ಬರುತ್ತದೆ. ಸಿಲೊವಾಮಿನಲ್ಲಿ ಬುರುಜು ಕುಸಿದು ಹದಿನೆಂಟು ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳೆಂದು ತಿಳಿದಿರೋ ಎಂದು ಯೇಸುವೇ ಕೇಳಿ, ಅಲ್ಲವೆಂದು ತಾನೇ ಉತ್ತರ ಕೊಡುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದಾಗಲೂ ಎರಡನ್ನೂ ತಳ್ಳಿಹಾಕುತ್ತಾನೆ. ಲೂಕನಲ್ಲಿ ಮಾತು ಅಲ್ಲಿಗೆ ಮುಗಿಯುವುದಿಲ್ಲ, ಅದನ್ನೂ ಹೇಳಬೇಕು: ನೀವೂ ಮನ ತಿರುಗಿಸದಿದ್ದರೆ ಹಾಗೆಯೇ ನಾಶವಾದೀರಿ ಎಂಬ ಎಚ್ಚರಿಕೆ ಹಿಂದೆಯೇ ಬರುತ್ತದೆ. ಬಾಗಿಲಿನಿಂದ ಹೊರಗೆ ಹಾಕಿದ ಲೆಕ್ಕ ಕಿಟಕಿಯಿಂದ ಒಳಗೆ ಬಂತಲ್ಲ ಎಂದು ಯಾರಾದರೂ ಕೇಳಬಹುದು. ನನಗೆ ಕಾಣುವುದು ಇಷ್ಟು. ಸತ್ತವರ ನಡತೆಯ ತನಿಖೆ ಅಲ್ಲಿ ನಿಲ್ಲುತ್ತದೆ, ಬದುಕಿರುವವರು ಈಗ ಏನು ಮಾಡುತ್ತೀರಿ ಎಂಬ ಪ್ರಶ್ನೆ ಏಳುತ್ತದೆ.

ಇದರಿಂದ ಒಂದು ವ್ಯಾವಹಾರಿಕ ಲಾಭವೂ ಇದೆ. ಬುರುಜು ಬಿದ್ದದ್ದು ಸತ್ತವರ ಪಾಪದಿಂದಲ್ಲ ಎಂದ ಮೇಲೆ ಯಾಕೆ ಬಿತ್ತು ಎಂದು ಗೌಂಡಿಯನ್ನು ಕೇಳಬಹುದು. ರಾಮದುರ್ಗ ಮುಳುಗಿದ್ದು ಅಲ್ಲಿಯವರ ಕರ್ಮದಿಂದಲ್ಲ ಎಂದ ಮೇಲೆ ಹೊಳೆಯ ಪಾತ್ರದಲ್ಲಿ ಯಾರು ಮನೆ ಕಟ್ಟಲು ಬಿಟ್ಟರು, ಅಣೆಕಟ್ಟಿನ ಬಾಗಿಲು ಯಾವಾಗ ತೆರೆದರು, ಮೇಲಿನ ಕಾಡು ಎಷ್ಟು ಉಳಿದಿದೆ ಎಂದು ಕೇಳಬಹುದು. ಪಾಪದ ವಿವರಣೆ ಇರುವ ತನಕ ಈ ಪ್ರಶ್ನೆಗಳಿಗೆ ಜಾಗವೇ ಇರುವುದಿಲ್ಲ.

ಆದರೆ ಗೌಂಡಿ, ಎಂಜಿನಿಯರು, ಡಾಕ್ಟರು ಎಲ್ಲರೂ ಉತ್ತರ ಹೇಳಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನನಗೇ ಯಾಕೆ? ಬೈಬಲಿನಲ್ಲಿ ಅದನ್ನು ಎತ್ತಿಕೊಂಡು ಜಗಳಕ್ಕೇ ನಿಂತ ಪುಸ್ತಕ ಯೋಬನದು.

ಮಕ್ಕಳು, ದನಕರು ಎಲ್ಲ ಕಳಕೊಂಡು, ಮೈಯಲ್ಲಿ ಹುಣ್ಣೆದ್ದು ಬೂದಿಯಲ್ಲಿ ಕೂತ ಭಕ್ತ ಯೋಬನ ಕಥೆ ಎಲ್ಲರಿಗೂ ಗೊತ್ತು. ಅವನ ಗೆಳೆಯರ ಬಗ್ಗೆ ಮಾತ್ರ ನಾವು ಹೆಚ್ಚು ಯೋಚಿಸುವುದಿಲ್ಲ. ಮೂವರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯ ತನಕ ಅವರಷ್ಟು ಒಳ್ಳೆಯ ಗೆಳೆಯರು ಇರಲಿಲ್ಲ. ಬಾಯಿ ತೆರೆದದ್ದೇ ಕೆಟ್ಟಿತು. ದೇವರು ನ್ಯಾಯವಂತ, ನೀನು ನರಳುತ್ತಿದ್ದೀ, ಅಂದಮೇಲೆ ಏನೋ ಮಾಡಿರಬೇಕು ಎಂಬುದು ಅವರ ವಾದ. ಒಬ್ಬರಾದ ಮೇಲೆ ಒಬ್ಬರು, ಅಧ್ಯಾಯದ ಮೇಲೆ ಅಧ್ಯಾಯ, ದೇವರ ಪರವಾಗಿ ವಕಾಲತ್ತು. ಕೊನೆಗೆ ದೇವರು ಸಿಟ್ಟಾಗುವುದು ಈ ವಕೀಲರ ಮೇಲೆಯೇ. ತನ್ನ ಮೇಲೆ ದೂರು ಹೊರಿಸಿದ ಯೋಬ ಸರಿಯಾಗಿ ಮಾತಾಡಿದ, ತನ್ನನ್ನು ಸಮರ್ಥಿಸಿದವರು ಸರಿಯಾಗಿ ಮಾತಾಡಲಿಲ್ಲ ಎಂದು ತೀರ್ಪು ಕೊಡುತ್ತಾನೆ. ಮಣ್ಣಿಗೆ ಹೋಗಿ ಬಂದ ಮನೆಯಲ್ಲಿ ಕೂತು ದೇವರ ಚಿತ್ತದ ಬಗ್ಗೆ ಉಪದೇಶ ಮಾಡುವ ನಾವೆಲ್ಲ ಆ ಭಾಗವನ್ನು ಮತ್ತೊಮ್ಮೆ ಓದಿಕೊಂಡು ಹೋಗುವುದು ಒಳ್ಳೆಯದು.

ಬಿರುಗಾಳಿಯೊಳಗಿಂದ ದೇವರು ಯೋಬನಿಗೆ ಕೊಡುವ ಉತ್ತರ ಇನ್ನೂ ವಿಚಿತ್ರ. ಮಕ್ಕಳು ಯಾಕೆ ಸತ್ತರು, ಮೈಯಲ್ಲಿ ಹುಣ್ಣು ಯಾಕೆ ಎದ್ದವು ಎಂಬುದಕ್ಕೆ ಒಂದಕ್ಷರ ಇಲ್ಲ. ಬದಲಿಗೆ ಕಾಡುಮೇಕೆ ಈಯುವ ಹೊತ್ತು, ಉಷ್ಟ್ರಪಕ್ಷಿ ಮೊಟ್ಟೆಯನ್ನು ಮಣ್ಣಿನಲ್ಲಿ ಮರೆತು ಓಡುವುದು, ಹದ್ದಿನ ಗೂಡು, ಮನುಷ್ಯರು ಯಾರೂ ಇಲ್ಲದ ನೆಲದ ಮೇಲೂ ಬೀಳುವ ಮಳೆ, ಇವನ್ನೆಲ್ಲ ತೋರಿಸುತ್ತಾನೆ. ಹೆಣದ ಮುಂದೆ ಕೂತವನಿಗೆ ಪ್ರಾಣಿಶಾಸ್ತ್ರದ ಪಾಠವೇ ಎಂದು ಸಿಟ್ಟು ಬರುವುದು ಸಹಜ. ನನಗೂ ಬಹಳ ಕಾಲ ಆ ಅಧ್ಯಾಯಗಳು ಹಿಡಿಸಿರಲಿಲ್ಲ.

ಖಾನಾಪುರ ತಾಲೂಕಿನ ಭೀಮಗಡದ ಕಾಡಿನ ಬಗ್ಗೆ ಓದುವಾಗ ಅವು ಸ್ವಲ್ಪ ತೆರೆದುಕೊಂಡವು. ಅಲ್ಲಿ ಬಾರಾಪೆಡೆ ಎಂಬ ಗವಿಗಳಿವೆ. ರಾಟನ್ ಎಂಬ ಇಂಗ್ಲಿಷ್ ನಿಸರ್ಗಪ್ರಿಯನ ಹೆಸರು ಹೊತ್ತ ಒಂದು ಜಾತಿಯ ಬಾವಲಿ ಆ ಗವಿಗಳಲ್ಲಿ ವಾಸಿಸುತ್ತದೆ. ವಿಜ್ಞಾನಿಗಳು ಅದನ್ನು ವರ್ಣಿಸಿ ಹೆಸರಿಟ್ಟದ್ದು 1913ರಲ್ಲಿ. ಮುಂದೆ ಹಲವು ದಶಕ ಜಗತ್ತಿನಲ್ಲಿ ಅದು ಸಂತಾನ ಬೆಳೆಸುವ ಜಾಗವೆಂದು ಗೊತ್ತಿದ್ದದ್ದು ಇದೊಂದೇ; ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಾಣಿಸಿದ್ದು ಆಮೇಲೆ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು. ದೊಡ್ಡ ಕಿವಿಯ, ಕತ್ತಲಲ್ಲಿ ಹುಳ ಹಿಡಿದು ತಿನ್ನುವ ಈ ಜೀವಿಗೆ ನಮ್ಮ ಸಾಲ, ಮದುವೆ, ಎಲೆಕ್ಷನ್ ಯಾವುದೂ ಗೊತ್ತಿಲ್ಲ. ಅದರ ಗವಿಯ ಮೇಲೆ ಬೀಳುವ ಮಳೆಯೂ ರಾಮದುರ್ಗವನ್ನು ಮುಳುಗಿಸಿದ ಮಳೆಯೂ ಒಂದೇ.

ಯೋಬನಿಗೆ ದೇವರು ತೋರಿಸಿದ್ದು ಇದನ್ನೇ ಎಂದು ನನ್ನ ಎಣಿಕೆ. ಮಳೆ ಬಹುಮಾನವೂ ಅಲ್ಲ, ದಂಡವೂ ಅಲ್ಲ. ಅದು ನಿನ್ನನ್ನು ನೋಡಿಕೊಂಡು ಬೀಳುತ್ತಿಲ್ಲ. ಕೇಳಲು ಕಠೋರವಾದ ಮಾತು, ಹೌದು. ಆದರೆ ಮಗು ಸತ್ತದ್ದು ತನ್ನ ಯಾವುದೋ ತಪ್ಪಿನಿಂದ ಎಂದು ಹತ್ತು ವರ್ಷ ತನ್ನನ್ನೇ ಸುಟ್ಟುಕೊಂಡ ತಾಯಿಗೆ ಈ ಕಠೋರ ಮಾತಿನಲ್ಲಿ ಬಿಡುಗಡೆ ಇದೆ. ದೃಷ್ಟಿ ವಿಶಾಲವಾಗುವುದೆಂದರೆ ಮೊದಲು ಇದು: ಸೃಷ್ಟಿಯ ನಟ್ಟನಡುವೆ ನನ್ನ ಖಾತೆ ಇಲ್ಲ ಎಂಬ ಅರಿವು. ಈ ಪ್ರಪಂಚ ಇಷ್ಟು ದೊಡ್ಡದಾಗಿದ್ದರೂ ಬಿರುಗಾಳಿಯ ನಡುವಿನಿಂದ ಯಾರೋ ಬೂದಿಯಲ್ಲಿ ಕೂತ ಒಬ್ಬನ ಜೊತೆ ಮಾತಿಗೆ ನಿಂತರು ಎಂಬುದು ಎರಡನೆಯದು. ನಂಬಿಕೆಯ ಪಾಲು ಅದು. ಗವಿಯೂ ಬಾವಲಿಯೂ ಅದನ್ನು ಸಾಬೀತು ಮಾಡಿಕೊಡಲಾರವು.

ಯೋಬನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸೈತಾನ ಕೇಳುವ ಪ್ರಶ್ನೆಯೊಂದಿದೆ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಚುರುಕಾದ ಪ್ರಶ್ನೆ ಇಲ್ಲ. ಯೋಬ ಭಕ್ತನಾಗಿರುವುದು ಲಾಭವಿಲ್ಲದೆಯೋ? ಸುತ್ತ ಬೇಲಿ ಹಾಕಿ ಕಾಪಾಡಿದ್ದೀ, ದನಕರು ಕೊಟ್ಟಿದ್ದೀ. ಕಿತ್ತುಕೊಂಡು ನೋಡು ಎನ್ನುತ್ತಾನೆ. ಅಂದರೆ ಭಕ್ತಿಯೂ ಒಂದು ವ್ಯಾಪಾರವೇ ಅಲ್ಲವೇ?

ಈ ಪ್ರಶ್ನೆಯನ್ನು ಬೆಳಗಾವಿಯಲ್ಲಿ ಹತ್ತಿರದಿಂದ ಕೇಳಿದ್ದೇವೆ. 2021ರ ಡಿಸೆಂಬರ್ 23ರಂದು ಇಲ್ಲಿಯ ಸುವರ್ಣ ವಿಧಾನಸೌಧದಲ್ಲಿ ಸೇರಿದ್ದ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಆಮಿಷ ಎಂಬುದರ ಪಟ್ಟಿ ಉದ್ದವಿದೆ: ಹಣ, ಉಡುಗೊರೆ, ಕೆಲಸ, ಪುಕ್ಕಟೆ ಶಾಲೆ, ಒಳ್ಳೆಯ ಜೀವನದ ಭರವಸೆ, ಕೊನೆಗೆ ದೈವಕೋಪದ ಹೆದರಿಕೆ ಕೂಡ. ಆ ಅಧಿವೇಶನದ ದಿನಗಳಲ್ಲಿ ಪ್ರಾರ್ಥನೆಗೆ ಸೇರಲು ಇಲ್ಲಿಯ ಅನೇಕರು ಅಂಜಿದರು. 2023ರಲ್ಲಿ ಹೊಸ ಸರ್ಕಾರದ ಸಂಪುಟ ಕಾಯ್ದೆ ಹಿಂಪಡೆಯುವ ತೀರ್ಮಾನ ಮಾಡಿತು. ಕಾನೂನು ಮಾಡಿದವರನ್ನು ನಾನು ಸೈತಾನನ ಸಾಲಿನಲ್ಲಿ ಕೂಡಿಸುತ್ತಿಲ್ಲ, ಯಾರೂ ತಪ್ಪು ತಿಳಿಯಬಾರದು. ಪ್ರಶ್ನೆ ಮಾತ್ರ ಅದೇ: ಏನೂ ಸಿಗದೆ ಯಾರಾದರೂ ನಂಬುತ್ತಾರೆಯೇ?

ಈ ಅನುಮಾನ ದ್ವೇಷದಿಂದಷ್ಟೇ ಹುಟ್ಟಿದ್ದಲ್ಲ, ನಮ್ಮ ಚರಿತ್ರೆಯೂ ಅದಕ್ಕೆ ಗೊಬ್ಬರ ಹಾಕಿದೆ. 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಇಲ್ಲಿ ಕೆಲಸ ಶುರುಮಾಡಿದಾಗ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿ ಎರಡೇ ವರ್ಷವಾಗಿತ್ತು. ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚು 1869ರಲ್ಲಿ ಪ್ರತಿಷ್ಠೆಯಾದದ್ದು ಪಲ್ಟನ್ನಿನ ನೆರಳಿನಲ್ಲಿ. ಗೋವಾದಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರ ಕಥೆ ಬೇರೆ. ಖಾನಾಪುರದ ಹಳ್ಳಿಗಳಲ್ಲಿ ಗದ್ದೆ ಮಾಡಿದವರು, ಲೋಂಡಾದ ರೈಲ್ವೆಯಲ್ಲಿ ದುಡಿದವರು ಅವರು, ಬೆಳಗಾವಿ ಅವರಿಗೆ ಸ್ವಂತ ಧರ್ಮಪ್ರಾಂತವಾದದ್ದು 1953ರಲ್ಲಿ. ಆದರೂ ಅಧಿಕಾರದ ಪಕ್ಕದಲ್ಲಿ ಕೂತು ಪ್ರಾರ್ಥಿಸಿದ ನೆನಪು ಊರಿಗೆ ಇದೆ. ಆ ಕಾಲವನ್ನು ದೇವರ ಆಶೀರ್ವಾದ ಎಂದು ಬರೆದುಕೊಂಡವರು ಈಗಿನ ಕಾಲವನ್ನು ದೇವರ ಪರೀಕ್ಷೆ ಎಂದು ಬರೆದುಕೊಳ್ಳುತ್ತಾರೆ. ಎರಡೂ ಅದೇ ಕಿರ್ದಿಯ ಪುಟಗಳು.

ಹೊರಗಿನವರಿಗಿಂತ ಹೆಚ್ಚಾಗಿ ನಮ್ಮ ಒಳಗಿನ ಕೆಲವರಿಗೇ ಸೈತಾನನ ಪ್ರಶ್ನೆ ತಾಗಬೇಕು. ಶಾಮಿಯಾನ ಹಾಕಿ, ಮೈಕು ಹಿಡಿದು, ನಂಬಿದರೆ ಕ್ಯಾನ್ಸರ್ ಹೋಗುತ್ತದೆ, ಸಾಲ ತೀರುತ್ತದೆ, ವೀಸಾ ಬರುತ್ತದೆ ಎಂದು ಸಾರುವ ಪಾಸ್ಟರುಗಳಿದ್ದಾರೆ. ಸಂಕಟ ಬಂದಾಗ ವೆಂಕಟರಮಣ ಎಂದು ಪಕ್ಕದ ಮನೆಯವರನ್ನು ಆಡಿಕೊಳ್ಳುವ ನಾವು ಅದನ್ನೇ ಹೆಸರು ಬದಲಿಸಿ ಮಾಡುತ್ತಿದ್ದೇವೆ. ರೋಗ ಹೋಗದಿದ್ದರೆ? ನಿನ್ನ ನಂಬಿಕೆ ಸಾಲದು ಎನ್ನುತ್ತಾರೆ. ಯೋಬನ ಗೆಳೆಯರು ಇಷ್ಟು ಕ್ರೂರವಾಗಿರಲಿಲ್ಲ. ಅವರು ಯೋಬನ ಪಾಪ ಹುಡುಕಿದರು. ಇವರು ರೋಗಿಗೆ ಉಳಿದಿದ್ದ ಒಂದೇ ಆಸರೆಯಾದ ನಂಬಿಕೆಯನ್ನೇ ಅವನ ಅಪರಾಧ ಮಾಡುತ್ತಾರೆ.

ಅತ್ತ ಮೈಕು, ಇತ್ತ ಅಳು ನುಂಗಿಸುವ ಶಿಷ್ಟಾಚಾರ. ಸಾವಿನ ಮನೆಯಲ್ಲಿ "ಅಳಬ್ಯಾಡ್ರಿ, ಪ್ರಭುವಿನ ಹತ್ರ ಹೋಗ್ಯಾರ" ಎಂದು ಸಮಾಧಾನ ಹೇಳುವವರು ಸುವಾರ್ತೆಯಲ್ಲಿ ಸತ್ತ ಲಾಜರನ ಕಥೆ ನೆನೆಯಬೇಕು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಯೇಸು ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತ. ಮುಂದಿನದು ಗೊತ್ತಿದ್ದವನೇ ಅತ್ತ ಮೇಲೆ, ಗೊತ್ತಿಲ್ಲದ ನಮಗೆ ಅಳಬೇಡಿ ಎನ್ನಲು ಇವರು ಯಾರು? ಶಿಲುಬೆಯ ಮೇಲೆ ಅವನೂ ಯಾಕೆ ಎಂದೇ ಕೂಗಿದ. ಉತ್ತರ ಬರಲಿಲ್ಲ. ಕ್ರೈಸ್ತ ನಂಬಿಕೆಯ ನಡುಮಧ್ಯದಲ್ಲಿರುವುದು ಈ ಉತ್ತರವಿಲ್ಲದ ಕೂಗು. ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವೆ ಏನೂ ಆಗದ ಒಂದು ಶನಿವಾರವನ್ನು ಪಂಚಾಂಗದಲ್ಲೇ ಇಟ್ಟುಕೊಂಡ ಧರ್ಮಕ್ಕೆ ದುಃಖವನ್ನು ಅವಸರದಿಂದ ಮುಗಿಸುವ ಅಗತ್ಯ ಇರಬಾರದು.

ಹಾಗಾದರೆ ವಿಶಾಲ ದೃಷ್ಟಿ ಎಂಬುದು ನಡತೆಯಲ್ಲಿ ಹೇಗೆ ಕಾಣುತ್ತದೆ? ನನಗೆ ನೆನಪಾಗುವುದು ಪಂಡಿತಾ ರಮಾಬಾಯಿ. ಬೆಳಗಾವಿಯ ಮರಾಠಿ ಕ್ರೈಸ್ತರು ಆಕೆಯನ್ನು ತಮ್ಮವಳೆನ್ನುತ್ತಾರೆ, ಆಕೆ ಹುಟ್ಟಿದ್ದು ಮಾತ್ರ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಧೀರ. ಪುರಾಣ ಹೇಳುತ್ತ ಊರೂರು ತಿರುಗಿದ ಕುಟುಂಬ 1870ರ ದಶಕದ ಬರಕ್ಕೆ ಸಿಕ್ಕಿತು. ದಾನ, ವ್ರತ, ತೀರ್ಥಯಾತ್ರೆ, ಹೇಳಿದ್ದೆಲ್ಲ ಮಾಡಿದ್ದರು. ತಂದೆ, ತಾಯಿ, ಅಕ್ಕ ತೀರಿಕೊಂಡರು. 1880ರಲ್ಲಿ ಅಣ್ಣ. 1882ರಲ್ಲಿ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, ಗಂಡ. ಕೈಯಲ್ಲಿ ಎಳೆಗೂಸು ಮನೋರಮಾ.

ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ ಅಲ್ಲಿಯೂ ಸುಮ್ಮನೆ ತಲೆಯಾಡಿಸಲಿಲ್ಲ. ಆಶ್ರಯ ಕೊಟ್ಟ ಆಂಗ್ಲಿಕನ್ ಸಿಸ್ಟರುಗಳ ಜೊತೆ ಸಿದ್ಧಾಂತದ ಬಗ್ಗೆ, ವಿಧೇಯತೆಯ ಬಗ್ಗೆ ಕಾಗದದ ಮೇಲೆ ಕಾಗದ ಬರೆದು ಜಗಳವಾಡಿದಳು. ತನ್ನವರು ಯಾಕೆ ಸತ್ತರು ಎಂಬುದಕ್ಕೆ ಒಪ್ಪವಾದ ವಿವರಣೆ ಆಕೆಗೆ ಹೊಸ ಧರ್ಮದಲ್ಲೂ ಸಿಕ್ಕಂತೆ ನನಗೆ ಕಾಣುವುದಿಲ್ಲ. ಸಿಕ್ಕಿದ್ದು ಬೇರೆ. 1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಬಂದಾಗ ತನ್ನ ಹರೆಯದ ಹಸಿವು ನೆನಪಾಗಿ ಹೊರಟುಹೋದಳು. ಪುಣೆ ಹತ್ತಿರದ ಕೇಡಗಾಂವಿಗೆ ನೂರಾರು ಹುಡುಗಿಯರನ್ನು ಕರೆತಂದು ಮುಕ್ತಿ ಎಂಬ ತನ್ನ ಆಶ್ರಮದಲ್ಲಿ ಇಟ್ಟುಕೊಂಡಳು. 1900ರ ಗುಜರಾತಿನ ಬರದಲ್ಲಿ ಮತ್ತೆ ಅದೇ. ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆಯುವಲ್ಲಿ ಮುಂದೆ ನಿಂತದ್ದು ಮಗಳು ಮನೋರಮಾ. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಇಂಥ ಬದುಕಿನಲ್ಲಿ ಕಷ್ಟಕ್ಕೆ ತಕ್ಕ ಪ್ರತಿಫಲ ಎಲ್ಲಿದೆ ಎಂದು ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಒಬ್ಬಳ ಹಸಿವು ನೂರಾರು ಜನರ ಹಸಿವನ್ನು ಗುರುತಿಸಿತು ಎಂಬುದು ಮಾತ್ರ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಸಣ್ಣದಲ್ಲ. ಖಾನಾಪುರದ ಸುತ್ತ ಮಣ್ಣು ಒಳ್ಳೆಯದು. ಇಟ್ಟಂಗಿ ಭಟ್ಟಿ, ಹಂಚಿನ ಕಾರ್ಖಾನೆ ಇರುವುದು ಅದಕ್ಕೇ. ಭಟ್ಟಿಯ ಕೂಲಿ ಮುಂಗಡ ತಗೊಂಡು ಬಂದಿರುತ್ತಾನೆ, ಕೂಲಿ ಸಾವಿರ ಇಟ್ಟಂಗಿಗೆ ಇಷ್ಟೆಂದು. ಏಪ್ರಿಲ್‌ನಲ್ಲಿ ಅಡ್ಡಮಳೆ ಬಂದರೆ ಒಣಗಲು ಸಾಲುಹಚ್ಚಿದ ಹಸಿ ಇಟ್ಟಂಗಿಯ ಅಂಚು ಮೊದಲು ದುಂಡಗಾಗಿ, ಆಮೇಲೆ ಸಾಲಿಗೆ ಸಾಲೇ ರಾಡಿಯಾಗುತ್ತದೆ. ಆ ನಷ್ಟ ಬಹಳ ಸಲ ಹೋಗುವುದು ಕೂಲಿಯ ಲೆಕ್ಕಕ್ಕೆ. ಇವನ ಮುಂದೆ ನಿಂತು ಬದುಕಿನ ಏರಿಳಿತಗಳನ್ನು ವಿಶಾಲವಾಗಿ ನೋಡು ಎಂದರೆ ನಗುತ್ತಾನೆ. ಅವನು ಏರು ಕಂಡೇ ಇಲ್ಲ. ಕ್ರೈಸ್ತನಾದ ದಲಿತನ ಸ್ಥಿತಿ ನೋಡಿ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಅವನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ, ಊರಿನಲ್ಲಿ ಜಾತಿ ಅವನನ್ನು ಬಿಟ್ಟಿಲ್ಲ, ಚರ್ಚಿನ ಒಳಗೂ ಎಲ್ಲ ಕಡೆ ಬಿಟ್ಟಿಲ್ಲ. ಇವರಿಗೆ ಪರಲೋಕದ ಆಸೆ ಹಚ್ಚಿ ಇಹದ ಅನ್ಯಾಯ ನುಂಗಿಸಿದ್ದು ಸುಳ್ಳಲ್ಲ. ಹೊಡೆಯುವ ಗಂಡನ ಮನೆಗೆ ಹೆಣ್ಣುಮಕ್ಕಳನ್ನು ಇದು ನಿನ್ನ ಶಿಲುಬೆ ಎಂದು ತಿರುಗಿ ಕಳಿಸಿದ್ದೂ ಇದೇ ಉಪದೇಶದ ಬಾಯಿ.

ಈ ಆಕ್ಷೇಪಕ್ಕೆ ತತ್ತ್ವದ ಉತ್ತರ ನನ್ನ ಹತ್ತಿರ ಇಲ್ಲ. ಗುರುತು ಹಿಡಿಯಲು ಒಂದು ಅಂದಾಜು ಇದೆ. ನನ್ನ ನೋವಿನ ಬಗ್ಗೆ ನಾನೇ ಹೇಳಿಕೊಂಡಾಗ ನಂಬಿಕೆಯಾಗುವ ಮಾತು ಇನ್ನೊಬ್ಬನ ನೋವಿನ ಮೇಲೆ ಹೇರಿದಾಗ ದಬ್ಬಾಳಿಕೆಯಾಗುತ್ತದೆ. ಅಪೊಸ್ತಲ ಪೌಲ ತನ್ನ ಸಂಕಟ ಹಗುರವೆಂದು ಬರೆದದ್ದು ತಾನೇ ಏಟು ತಿಂದು, ಜೈಲು ಕಂಡು, ಹಡಗು ಒಡೆದ ಮೇಲೆ. ಭಟ್ಟಿಯ ಮಾಲೀಕ ಅದನ್ನೇ ಕೂಲಿಯವನಿಗೆ ಓದಿ ಹೇಳಿದರೆ ಅಕ್ಷರ ಬದಲಾಗುವುದಿಲ್ಲ, ಧರ್ಮ ಬದಲಾಗುತ್ತದೆ.

ಯೋಬನ ಕಥೆಯ ಮುಕ್ತಾಯ ಬಹಳ ಓದುಗರಿಗೆ ಇಷ್ಟವಾಗುವುದಿಲ್ಲ, ನನಗೂ ಇಲ್ಲ. ಕಳಕೊಂಡದ್ದರ ಎರಡರಷ್ಟು ದನಕರು, ಒಂಟೆ ಬಂದವು, ಹತ್ತು ಮಕ್ಕಳು ಮತ್ತೆ ಹುಟ್ಟಿದರು ಎನ್ನುತ್ತದೆ. ಸತ್ತ ಹತ್ತು ಮಕ್ಕಳ ಜಾಗ ಹೊಸ ಹತ್ತರಿಂದ ತುಂಬಿತೇ? ಅಲ್ಲಿ ಕಿರ್ದಿ ಮತ್ತೆ ತಲೆಯೆತ್ತಿದೆ. ಆದರೆ ಅದೇ ಪುಟದಲ್ಲಿ ಪ್ರಸಂಗಿಗಳು ಸಾಮಾನ್ಯವಾಗಿ ದಾಟಿ ಹೋಗುವ ಒಂದು ವಿವರವಿದೆ. ಕಥೆಯ ಆರಂಭದಲ್ಲಿ ಮನೆ ಮಾಡಿ ಔತಣ ನಡೆಸುತ್ತಿದ್ದವರು ಗಂಡುಮಕ್ಕಳು, ಅಕ್ಕತಂಗಿಯರು ಕರೆದಾಗ ಬಂದು ಉಂಡು ಹೋಗುವವರು. ಕೊನೆಯಲ್ಲಿ ಗಂಡುಮಕ್ಕಳ ಹೆಸರೇ ಇಲ್ಲ. ಮೂವರು ಹೆಣ್ಣುಮಕ್ಕಳ ಹೆಸರು ಬರೆದಿದೆ, ಅಣ್ಣತಮ್ಮಂದಿರ ಸಂಗಡ ಅವರಿಗೂ ಯೋಬ ಆಸ್ತಿಯಲ್ಲಿ ಪಾಲು ಕೊಟ್ಟನೆಂದು ದಾಖಲಾಗಿದೆ. ಆ ಕಾಲಕ್ಕೆ ಅದು ರೂಢಿಯಲ್ಲ. ಎಲ್ಲ ಕಳಕೊಂಡು ಬೂದಿಯಲ್ಲಿ ಕೂತು ಎದ್ದ ಮನುಷ್ಯನ ದೃಷ್ಟಿ ಎಲ್ಲಿ ಅಗಲವಾಯಿತು ಎಂದರೆ ಇಲ್ಲಿ. ನಮ್ಮಲ್ಲಿ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮಗ-ಮಗಳಿಗೆ ಸಮಪಾಲು ಹೇಳುತ್ತದೆ. ಆದರೂ ಅಪ್ಪ ತೀರಿಕೊಂಡು ತಿಂಗಳಾಗುವುದರೊಳಗೆ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳಿವೆ, ನಮ್ಮವರಲ್ಲೂ. ಮಣ್ಣಿನ ದಿನ ಯೋಬನನ್ನು ಓದಿಸಿದ ಮನೆಯ ಹೊಲದ ಉತಾರದಲ್ಲಿ ಯಾರ ಯಾರ ಹೆಸರಿದೆ ಎಂದು ಫಾದರ್ ಆಗಲಿ ಪಾಸ್ಟರ್ ಆಗಲಿ ಒಮ್ಮೆ ಕೇಳಬಹುದು.